ಡಬ್ಬಿಯಲ್ಲಿ ಇಮ್ಯುನಿಟಿ ಸಿಗುತ್ತಾ ಸ್ವಾಮಿ?



ಇಂದಿರಾನಗರದ ನೂರಡಿ ರಸ್ತೆಯಲ್ಲಿ ಒಂದು ಮೆಡಿಕಲ್ ಶಾಪಿಗೆ ಹೋಗಿ ನೋಡಿ. ಅಶ್ವಗಂಧದ ಡಬ್ಬಿ ಕಣ್ಣಿಗೆ ಬೀಳದೇ ಇರಲ್ಲ. ಟೆನ್ಷನ್ ಇಳಿಯುತ್ತೆ, ಇಮ್ಯುನಿಟಿ ಏರುತ್ತೆ ಅನ್ನೋ ಭರವಸೆ ಬೇರೆ. ಹಿರೇಮದ್ದು ಅಂತ ಹಳಬರು ಕರೆಯೋ ಅದೇ ಗಿಡ. ಕೊಳ್ಳೋರು ಯಾರು? ಬೆಳಗ್ಗೆ ಸಂಜೆ ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಹತ್ತಿರ ಹಾರ್ನ್ ಕೇಳುತ್ತಾ ಕೂರೋ ನಾವು ನೀವೇ. 2022ರ ಟಾಮ್‌ಟಾಮ್ ಲೆಕ್ಕದಲ್ಲಿ ನಮ್ಮ ನಗರದ ನಡುಭಾಗದಲ್ಲಿ 10 ಕಿಲೋಮೀಟರ್ ದಾಟೋಕೆ 29 ನಿಮಿಷ 10 ಸೆಕೆಂಡ್ ಬೇಕಿತ್ತು. ಲಂಡನ್ ಬಿಟ್ಟರೆ ನಾವೇ!

ಟೆನ್ಷನ್ನಿಗೂ ಕಾಯಿಲೆಗೂ ನಂಟಿದೆಯಾ? ಇದೆ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಗ್ಲೆಂಡಿನಲ್ಲಿ 394 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಬಿಟ್ಟರು. ಒತ್ತಡ ಹೆಚ್ಚಿದ್ದವರಿಗೇ ನೆಗಡಿ ಹೆಚ್ಚು ಹಿಡಿಯಿತು. ಅದಕ್ಕಿಂತ ನನ್ನನ್ನು ತಟ್ಟಿದ್ದು 1995ರ ಅಮೆರಿಕದ ಅಧ್ಯಯನ. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನಲ್ಲಿ ಮೂರೂವರೆ ಮಿಲಿಮೀಟರಿನ ಸಣ್ಣ ಗಾಯ ಮಾಡಿದರು. ಬೇರೆಯವರಿಗೆ 39 ದಿನದಲ್ಲಿ ಮಾಯ್ದದ್ದು ಇವರಿಗೆ ಮಾಯೋಕೆ ಸುಮಾರು 49 ದಿನ ಹಿಡಿಯಿತು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಹೊರಗೆ ಟಿಫನ್ ಕ್ಯಾರಿಯರ್ ಹಿಡಿದು ನಿಂತಿರ್ತಾರಲ್ಲ, ಅವರ ಕಥೆ ಇದು. ಮಲಗಿರೋ ರೋಗಿಗೆ ಕೇಸ್ ಶೀಟ್ ಇದೆ. ನಿಂತಿರೋ ಹೆಂಡತಿಗೆ, ಮಗಳಿಗೆ ಏನಿದೆ?

ಒಳಗೆ ನಡೆಯೋದಿಷ್ಟು. ಗಾಬರಿಯಾದಾಗ ಮೂತ್ರಪಿಂಡದ ಮೇಲೆ ಕೂತ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತೆ. ಉರಿಯೂತಕ್ಕೆ ‘ಸಾಕು, ನಿಲ್ಲು’ ಅನ್ನೋದೂ ಅದರ ಒಂದು ಕೆಲಸ. ಒಂದು ದಿನಕ್ಕಾದರೆ ಸರಿ. ವರ್ಷಗಟ್ಟಲೆ ಅದನ್ನೇ ಕೂಗುತ್ತಿದ್ದರೆ ರೋಗನಿರೋಧಕ ಕಣಗಳು ಆ ಮಾತಿಗೆ ಕಿವುಡಾಗುತ್ತವೆ. ಮನೆಯಲ್ಲಿ ದಿನವೂ ಕೂಗಾಡೋ ಯಜಮಾನನ ಮಾತು ಯಾರು ಕೇಳ್ತಾರೆ ಹೇಳಿ?

ಈಗ ಡಬ್ಬಿಗೆ ಬನ್ನಿ. 2012ರಲ್ಲಿ ಹೈದರಾಬಾದಿನ ಅಧ್ಯಯನವೊಂದರಲ್ಲಿ 64 ಜನ ಇದ್ದರು. ಬೇರಿನ ಸಾರ ಸಿಕ್ಕವರು ದಿನಕ್ಕೆರಡು ಸಲ 300 ಮಿಲಿಗ್ರಾಂನಂತೆ 60 ದಿನ ತೆಗೆದುಕೊಂಡರು. ಅವರ ಕಾರ್ಟಿಸಾಲ್ ಶೇಕಡಾ 28ರಷ್ಟು ಇಳಿಯಿತು. ಸಣ್ಣ ವಿಷಯವೇನಲ್ಲ, ನಾನೂ ಒಪ್ತೀನಿ. ಆದರೆ ಅವರಿಗೆ ನೆಗಡಿ ಕಡಿಮೆಯಾಯಿತಾ, ಗಾಯ ಬೇಗ ಮಾಯಿತಾ ಅಂತ ಅಳೆಯಲು ಹೊರಟ ಅಧ್ಯಯನ ಅಲ್ಲ ಅದು. ಕಾರ್ಟಿಸಾಲ್ ಇಳಿದಿದ್ದು ಒಂದು ಮಾತು, ಕಾಯಿಲೆ ದೂರವಾಗಿದ್ದು ಇನ್ನೊಂದು ಮಾತು. ಈ ಎರಡರ ನಡುವೆ ಸೇತುವೆ ಕಟ್ಟಿದವರು ವಿಜ್ಞಾನಿಗಳಲ್ಲ ಸ್ವಾಮಿ, ಜಾಹೀರಾತಿನವರು.

‘ಗಿಡಮೂಲಿಕೆ ತಾನೇ, ಏನೂ ಆಗಲ್ಲ’ ಅಂತೀರಾ? ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುದಿಸದ ಮನೆ ಅಪರೂಪ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿ ಲಿವರ್ ಪೆಟ್ಟು ತಿಂದ 6 ಜನರ ವರದಿ ಕೊಟ್ಟರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಗಿಡ ಗುರುತಿಸಿದ್ದರಲ್ಲೇ ತಪ್ಪಿರಬಹುದು ಎಂದಿತು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ 43 ರೋಗಿಗಳ ವಿವರ ಬಂತು. ಅಶ್ವಗಂಧದ ಮೇಲೂ ಭಾರತದಿಂದ, ಐಸ್‌ಲ್ಯಾಂಡಿನಿಂದ ಇಂಥದೇ ವರದಿಗಳಿವೆ. ಡೆನ್ಮಾರ್ಕ್ 2023ರಲ್ಲಿ ನಿಷೇಧವನ್ನೇ ಹಾಕಿತು. ಅದು ಅತಿಯಾಯಿತು ಅನ್ನೋದು ನನ್ನ ಅಭಿಪ್ರಾಯ. ಲಕ್ಷಾಂತರ ಜನ ತಿಂದು ಚೆನ್ನಾಗೇ ಇದ್ದಾರೆ. ಆದರೆ ಅಜ್ಜಿ ಹಾಲಿಗೆ ಚಿಟಿಕೆ ಹಾಕುತ್ತಿದ್ದ ಪುಡಿಯೇ ಬೇರೆ, ಹಿಂಡಿ ಗಟ್ಟಿ ಮಾಡಿದ ಸಾರದ ಮಾತ್ರೆಯೇ ಬೇರೆ.

ಥೈರಾಯ್ಡ್ ಮಾತ್ರೆ ನುಂಗುವವರು, ಗರ್ಭಿಣಿಯರು, ಲಿವರ್ ತೊಂದರೆ ಇರೋರು, ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿಯಲ್ಲಿರೋರು ಕೇಳದೇ ಮುಟ್ಟಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅವತ್ತೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಡಾಕ್ಟರು ‘ಏನು ಮಾತ್ರೆ ತಗೊಳ್ತೀರಿ’ ಅಂದಾಗ ಬಿಪಿ, ಶುಗರ್ ಮಾತ್ರ ಹೇಳಿ ಸುಮ್ಮನಾಗ್ತೀವಿ, ಇದನ್ನು ಔಷಧಿ ಅಂತ ಲೆಕ್ಕಕ್ಕೇ ಹಿಡಿಯಲ್ಲ. ನಾಳೆ ಒಪಿಡಿಗೆ ಹೋಗೋರು ಆ ಡಬ್ಬಿಯನ್ನೂ ಚೀಲಕ್ಕೆ ಹಾಕ್ಕೊಳ್ಳಿ. ಕೇಳದಿದ್ದರೂ ತೆಗೆದು ಟೇಬಲ್ ಮೇಲಿಡಿ.