ಎತ್ತುವುದು ಜಾಕಿ, ಹೊರುವುದು ಸ್ಟ್ಯಾಂಡ್

ಕಳೆದ ಭಾನುವಾರ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ನಾನು ಆಡಿದ ಮಾತನ್ನು ಕೇಳಿ, "ಬರೆದುಕೊಳ್ಳುವಷ್ಟರಲ್ಲಿ ಹಾಡು ಹಾಕಿಬಿಟ್ಟಿರಲ್ಲ!" ಎಂದು ಹಲವರು ಫೋನಿನಲ್ಲಿ ಗದರಿಸಿದಿರಿ. ತಪ್ಪಾಯಿತು. ಅದಕ್ಕೇ ಆ ಮಾತು ಇಲ್ಲಿ ಅಕ್ಷರ ರೂಪದಲ್ಲಿ. ನಡುವೆ ಹಾಡಿಲ್ಲ, ನಿಧಾನವಾಗಿ ಓದಿ.

ವಿಷಯ ಶುರುವಾದದ್ದು ವಿಲ್ಲಿಂಗ್ಡನ್ ಐಲ್ಯಾಂಡ್‌ನಲ್ಲಿ, ನಮ್ಮ ಭಾವನ ಕ್ವಾರ್ಟರ್ಸ್ ಮುಂದೆ. ಭಾವನ ಹತ್ತಿರ ಒಂದು ಹಳೇ ಜಿಪ್ಸಿ ಇದೆ. ಗೆಳೆಯರ ಜೊತೆ ವಾಗಮಣ್ ಬೆಟ್ಟಕ್ಕೆ ಹೋಗಿ ಕೆಸರಿನಲ್ಲಿ ಚೆನ್ನಾಗಿ ಓಡಿಸಿಕೊಂಡು ಬಂದಿದ್ದರು. ಹಿಂದಿನ ಚಕ್ರದಲ್ಲಿ ಏನೋ ಕಿರಕಿರ ಸದ್ದು. ಕೆಸರು ತೆಗೆಯದೆ ಬಿಟ್ಟರೆ ಈ ಊರಿನ ಉಪ್ಪುಗಾಳಿಗೆ ಚಾಸಿ ತುಕ್ಕು ಹಿಡಿಯುತ್ತದೆ ಎಂಬ ಚಿಂತೆ ಬೇರೆ. ನಾನು ಹೋದಾಗ ಜಿಪ್ಸಿಯ ಹಿಂಭಾಗ ಜಾಕಿಯ ಮೇಲೆ ನಿಂತಿತ್ತು. ಪಕ್ಕದಲ್ಲಿ ಎರಡು ವೆಟ್ಟುಕಲ್ಲು.

"ಇದನ್ನು ಅಡಿಗೆ ಕೊಟ್ಟು ಒಂದು ಹತ್ತು ನಿಮಿಷ ಒಳಗೆ ಹೋಗಿ ಬರ್ತೇನೆ" ಎಂದರು ಭಾವ.

"ಭಾವ, ಬೇಡ. ಮೊದಲು ಗಾಡಿ ಇಳಿಸಿ" ಎಂದೆ.

"ಎಂತ ಆಗ್ತದೆ ಮಾರಾಯ?"

ಎಂತ ಆಗುತ್ತದೆ ಎಂದು ನನಗೆ ಗೊತ್ತಿತ್ತು. 2002ರ ಮಳೆಗಾಲ, ನಾನು ಏಳನೇ ಕ್ಲಾಸು. ಪುತ್ತೂರಿನ ಕಡೆ ನಮ್ಮ ಚಿಕ್ಕಪ್ಪ ಮನೆಯ ಅಂಗಳದಲ್ಲಿ ಜೀಪು ಎತ್ತಿ, ಅಡಿಗೆ ಮುರಕಲ್ಲು ಕೊಟ್ಟು ಬ್ರೇಕ್ ಡ್ರಮ್ ಬಿಚ್ಚುತ್ತಿದ್ದರು. ನೆನೆದ ಮಣ್ಣಿನಲ್ಲಿ ಜಾಕಿ ಒಂದು ಬದಿಗೆ ಕುಸಿಯಿತು. ಭಾರವೆಲ್ಲ ಕಲ್ಲಿನ ಮೇಲೆ ಬಿತ್ತು, ಕಲ್ಲು ಎರಡಾಯಿತು. ಚಿಕ್ಕಪ್ಪನ ಜೀವ ಉಳಿಯಿತು, ಬಲಗೈಯ ಎರಡು ಬೆರಳು ಉಳಿಯಲಿಲ್ಲ. ಅವರು ಯಕ್ಷಗಾನಕ್ಕೆ ಮದ್ದಳೆ ನುಡಿಸುತ್ತಿದ್ದವರು. ಆಮೇಲೆ ಆ ಮದ್ದಳೆ ಗೋಡೆಯ ಮೊಳೆಯಿಂದ ಇಳಿಯಲೇ ಇಲ್ಲ.

ಹಾಗಾದರೆ ಕಲ್ಲಿನದು ತಪ್ಪೇ? ಅಲ್ಲ ಸ್ವಾಮಿ. ಇಲ್ಲಿಯವರ ವೆಟ್ಟುಕಲ್ಲು, ನಮ್ಮ ದಕ್ಷಿಣ ಕನ್ನಡದ ಮುರಕಲ್ಲು ಎರಡೂ ಒಂದೇ. ಗೋಡೆ ಕಟ್ಟಿದರೆ ತಲೆಮಾರುಗಟ್ಟಲೆ ನಿಲ್ಲುತ್ತದೆ. ಏಕೆಂದರೆ ಗೋಡೆಯ ಭಾರ ಕಲ್ಲಿನ ಮೈತುಂಬ ಹರಡುತ್ತದೆ. ಗಾಡಿಯ ಭಾರ ಹಾಗಲ್ಲ, ನಾಲ್ಕು ಬೆರಳಗಲದ ಕಬ್ಬಿಣದಿಂದ ಒಂದೇ ಜಾಗಕ್ಕೆ ಒತ್ತುತ್ತದೆ. ಹಾಲೋ ಬ್ಲಾಕ್, ಇಟ್ಟಿಗೆಗಳ ಕಥೆಯೂ ಇದೇ. ಬಿರುಕು ಬಿಡುವಾಗ "ಹುಷಾರು" ಎಂದು ಹೇಳಿ ಬಿಡುವುದಿಲ್ಲ.

ಜಾಕಿಯನ್ನಾದರೂ ನಂಬಬಹುದೇ? ಅದೂ ಇಲ್ಲ. ಜಾಕಿ ಇರುವುದು ಎತ್ತುವುದಕ್ಕೆ, ಹೊತ್ತುಕೊಂಡು ನಿಲ್ಲುವುದಕ್ಕಲ್ಲ. ಹೈಡ್ರಾಲಿಕ್ ಜಾಕಿಯೊಳಗೆ ಎಣ್ಣೆ, ಎಣ್ಣೆಯನ್ನು ತಡೆಯಲು ಒಂದು ರಬ್ಬರ್ ಸೀಲು. ಆ ಸೀಲು ಸವೆದಿದ್ದರೆ ಗಾಡಿ ಇಳಿಯುತ್ತದೆ. ಆಫ್‌ರೋಡ್ ಗಾಡಿಯವರು ಇಟ್ಟುಕೊಳ್ಳುವ ಉದ್ದನೆಯ ಹೈ-ಲಿಫ್ಟ್ ಜಾಕಿ ಕೆಸರಿನಿಂದ ಗಾಡಿ ಎಬ್ಬಿಸಲು ಒಳ್ಳೆಯದು. ಆದರೆ ಅದರ ಪಾದ ಸಣ್ಣದು, ಸುಲಭವಾಗಿ ವಾಲುತ್ತದೆ. ಅದರ ಮೇಲೆ ನಿಂತ ಗಾಡಿಯ ಕೆಳಗೆ ಬೆರಳನ್ನೂ ಇಡಬೇಡಿ.

ಆ ದಿನ ಗಾಡಿ ಇಳಿಸಿದೆವು. ಭಾವ ಪೇಟೆಗೆ ಹೋಗಿ ಒಂದು ಜೊತೆ ಜಾಕ್ ಸ್ಟ್ಯಾಂಡ್ ತಂದರು. ಆಮೇಲೆ ನಾವು ಮಾಡಿದ್ದನ್ನು ಸಾಲಾಗಿ ಹೇಳುತ್ತೇನೆ, ನೀವೂ ಹಾಗೇ ಮಾಡಿ.

ಮೊದಲು ನೆಲ. ನಿಮಗೆ ಗೊತ್ತಿರಬಹುದು, ಈ ದ್ವೀಪದ ಬಹುಭಾಗ ದೇವರು ಮಾಡಿದ್ದಲ್ಲ. 1920ರಲ್ಲಿ ಕೊಚ್ಚಿಗೆ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಬಂದರನ್ನು ಆಳಗೊಳಿಸುವಾಗ ತೆಗೆದ ಮಣ್ಣನ್ನು ಹಾಕಿ ಎಬ್ಬಿಸಿದ ನೆಲ ಇದು. ಹಡಗಿನ ಸರಕನ್ನೇ ಹೊರುತ್ತದೆ ನಿಜ, ಆದರೆ ಹೊರುವುದು ಗಟ್ಟಿ ಮಾಡಿದ ಜಾಗದಲ್ಲಿ. ನೀವು ಯಾವ ಊರಿನಲ್ಲಿದ್ದರೂ ಸಮತಟ್ಟಾದ ಕಾಂಕ್ರೀಟ್ ನೆಲ ಹುಡುಕಿ. ಬರಿಯ ಮಣ್ಣು, ಇಳಿಜಾರು ಬೇಡವೇ ಬೇಡ. ಇಂಟರ್‌ಲಾಕ್ ಟೈಲ್ಸ್ ಕೆಳಗೆ ಮರಳಿರುತ್ತದೆ, ಬಿಸಿಲಿಗೆ ಡಾಂಬರು ಮೆತ್ತಗಾಗುತ್ತದೆ. ಅಂಥ ಕಡೆ ಸ್ಟ್ಯಾಂಡಿನ ಪಾದಕ್ಕಿಂತ ಅಗಲವಾದ, ದಪ್ಪ ಪ್ಲೈವುಡ್ ಹಲಗೆ ಕೊಡಿ.

ಎರಡನೆಯದು, ಗಾಡಿ ಉರುಳದಂತೆ ನೋಡಿಕೊಳ್ಳುವುದು. "ಹ್ಯಾಂಡ್ ಬ್ರೇಕ್ ಎಳೆದಿದ್ದೇನಲ್ಲ" ಎನ್ನುತ್ತೀರಿ. ಸಾಮಾನ್ಯವಾಗಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ನೀವು ಎತ್ತುತ್ತಿರುವುದೂ ಅವನ್ನೇ! "ಗೇರಿನಲ್ಲಿಟ್ಟಿದ್ದೇನೆ" ಎಂದರೂ ಸಾಲದು. ಒಂದೇ ಚಕ್ರ ಗಾಳಿಯಲ್ಲಿದ್ದಾಗ ಡಿಫರೆನ್ಷಿಯಲ್ ಕಾರಣದಿಂದ ಅದು ಹಿಮ್ಮುಖವಾಗಿ ತಿರುಗಿ, ನೆಲದ ಮೇಲಿರುವ ಜೊತೆ ಚಕ್ರ ಮುಂದಕ್ಕೆ ಉರುಳಬಹುದು. ಫೋರ್ ವ್ಹೀಲ್ ಗಾಡಿಯಲ್ಲಿ ಚಿಕ್ಕ ಲಿವರ್ ನ್ಯೂಟ್ರಲ್‌ನಲ್ಲಿ ಉಳಿದಿದ್ದರಂತೂ ಗೇರು ಹಾಕಿಯೂ ಹಾಕದ ಹಾಗೆ. ಆದ್ದರಿಂದ ಬ್ರೇಕೂ ಇರಲಿ, ಗೇರೂ ಇರಲಿ, ಜೊತೆಗೆ ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡ ಕೊಡಿ. ಚಕ್ರ ಬಿಚ್ಚುವುದಿದ್ದರೆ ನಟ್‌ಗಳನ್ನು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಎತ್ತಿದ ಗಾಡಿಯ ನಟ್ ಮೇಲೆ ಬಲ ಹಾಕಿದರೆ ಗಾಡಿಯೇ ಅಲುಗಾಡುತ್ತದೆ.

ಮೂರನೆಯದು, ಎಲ್ಲಿಗೆ ಜಾಕಿ ಕೊಡುವುದು? ಗಾಡಿಯ ಪುಸ್ತಕ ನೋಡಿ. ಇಂಜಿನಿನ ಎಣ್ಣೆ ತಟ್ಟೆ, ಗೇರ್ ಬಾಕ್ಸ್, ಬಾಡಿಯ ತಗಡು, ಕಾಲಿಡುವ ಸೈಡ್ ಸ್ಟೆಪ್ ಇವಕ್ಕೆ ಬೇಡ. ಚಾಸಿಗೆ ಕೊಟ್ಟು ಎತ್ತಿದರೆ ಆಫ್‌ರೋಡ್ ಗಾಡಿಯ ಚಕ್ರ ಉದ್ದಕ್ಕೆ ಜೋತು ಬೀಳುತ್ತದೆ. ಎಷ್ಟು ಎತ್ತಿದರೂ ಚಕ್ರ ನೆಲ ಬಿಡುವುದಿಲ್ಲ, ಗಾಡಿ ಮಾತ್ರ ಮೇಲೇರಿ ಮೇಲೇರಿ ಅಸ್ಥಿರವಾಗುತ್ತದೆ. ಜಿಪ್ಸಿಯಂಥ ಒಂದೇ ಆಕ್ಸಲ್‌ನ ಗಾಡಿಗೆ ಆಕ್ಸಲ್ ಕೊಳವೆಗೇ ಕೊಟ್ಟರೆ ಸ್ವಲ್ಪ ಎತ್ತಿದರೂ ಸಾಕು. ಬ್ರೇಕ್ ಪೈಪು ನಡುವೆ ಸಿಕ್ಕದಂತೆ ನೋಡಿಕೊಳ್ಳಿ. ಚಾಸಿಗೆ ಕೊಡಲೇಬೇಕಾದಾಗ ತುಕ್ಕು ತಿಂದ ಜಾಗವಲ್ಲ ಎಂದು ಸ್ಪ್ಯಾನರ್‌ನಿಂದ ತಟ್ಟಿ ನೋಡಿ. ಟ್ರಾಲಿ ಜಾಕಿಯಾದರೆ ಅದರ ಗಾಲಿ ಉರುಳಲು ಜಾಗವಿರಲಿ. ಅದರ ತೋಳು ಕಮಾನಿನಂತೆ ಏರುತ್ತದೆ, ಗಾಲಿ ಸಿಕ್ಕಿಕೊಂಡರೆ ಜಾಕಿಯ ತಲೆ ಜಾರುತ್ತದೆ.

ನಾಲ್ಕನೆಯದು, ಸ್ಟ್ಯಾಂಡು. ಅದರ ಮೇಲೆ ಬರೆದ ಟನ್ನು ಒಂದಕ್ಕೋ, ಜೊತೆಗೋ ಓದಿಕೊಳ್ಳಿ. ಎರಡನ್ನೂ ಒಂದೇ ಎತ್ತರಕ್ಕೆ ಇಡಿ, ಹಲ್ಲು ಪೂರ್ತಿ ಕೂತಿದೆಯೇ ನೋಡಿ, ಪಿನ್ ಇದ್ದರೆ ಹಾಕಿ. ಆಮೇಲೆ ಜಾಕಿಯನ್ನು ನಿಧಾನವಾಗಿ ಇಳಿಸಿ, ಭಾರ ಸ್ಟ್ಯಾಂಡಿಗೆ ಹೋಗಲಿ. ನಾಲ್ಕು ಪಾದವೂ ನೆಲಕ್ಕೆ ತಾಗಿರಬೇಕು. ಈಗ ಹೊರಗೆ ನಿಂತೇ ಗಾಡಿಯನ್ನು ಕೈಯಿಂದ ಗಟ್ಟಿಯಾಗಿ ತಳ್ಳಿ ನೋಡಿ. ಅಲುಗಾಡಿದರೆ ಇಳಿಸಿ, ಮೊದಲಿನಿಂದ ಮಾಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ಕೊನೆಯದು, ಸ್ಟ್ಯಾಂಡನ್ನೂ ಒಂಟಿಯಾಗಿ ನಂಬಬೇಡಿ. ಅಮೆರಿಕದ ಹಾರ್ಬರ್ ಫ್ರೇಟ್ ಎಂಬ ಕಂಪನಿ 2020ರಲ್ಲಿ ಸುಮಾರು 17 ಲಕ್ಷ ಜಾಕ್ ಸ್ಟ್ಯಾಂಡುಗಳನ್ನು ವಾಪಸು ಕರೆಯಿತು. ಹಲ್ಲು ಸರಿಯಾಗಿ ಕೂರದೆ ಸ್ಟ್ಯಾಂಡು ಕುಸಿಯುವ ಸಂಭವವಿತ್ತು. ಬದಲಿಗೆ ಕೊಟ್ಟವುಗಳಲ್ಲೂ ಕೆಲವಕ್ಕೆ ವೆಲ್ಡಿಂಗ್ ದೋಷ ಕಂಡು ಅವನ್ನೂ ಕರೆಯಬೇಕಾಯಿತು. ಹಾಗಾಗಿ ಜಾಕಿಯನ್ನು ಅಲ್ಲೇ ತಾಗಿಸಿ ಬಿಡಿ. ಬಿಚ್ಚಿದ ಚಕ್ರವನ್ನೋ ಸ್ಟೆಪ್ನಿಯನ್ನೋ ಚಾಸಿಯ ಅಡಿಗೆ ಮಲಗಿಸಿ. ಖರ್ಚಿಲ್ಲದ ವಿಮೆ ಅದು. ಒಬ್ಬರೇ ಇದ್ದಾಗ ಕೆಳಗೆ ಹೋಗಬೇಡಿ, ಮಕ್ಕಳು ಹತ್ತಿರ ಸುಳಿಯದಿರಲಿ. ಇಳಿಸುವ ಮುಂಚೆ ಬಗ್ಗಿ ಒಮ್ಮೆ ನೋಡಿ, ಅಡಿಯಲ್ಲಿ ಕೈಯೂ ಇರಬಾರದು, ಸ್ಪ್ಯಾನರೂ ಇರಬಾರದು.

ಅಂದಹಾಗೆ ಭಾವನ ಜಿಪ್ಸಿಯ ಕಿರಕಿರಕ್ಕೆ ಕಾರಣ ಬ್ರೇಕ್ ಡ್ರಮ್ಮಿನೊಳಗೆ ಸೇರಿದ್ದ ಒಂದು ಸಣ್ಣ ಕಲ್ಲು. ತೆಗೆಯಲು ಹಿಡಿದದ್ದು ಹತ್ತೇ ನಿಮಿಷ, ಗಾಡಿ ಎತ್ತಿ ನಿಲ್ಲಿಸಲು ಮುಕ್ಕಾಲು ಗಂಟೆ. ಕೈ ತೊಳೆದು ಚಿಕ್ಕಪ್ಪನಿಗೆ ಫೋನ್ ಮಾಡಿ ಸ್ಟ್ಯಾಂಡಿನ ವಿಷಯವೆಲ್ಲ ವರದಿ ಒಪ್ಪಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಡಿಗೆ ಸ್ಟೆಪ್ನಿ ಇಟ್ಟಿದ್ರಾ?"

"ಇಟ್ಟಿದ್ವಿ ಚಿಕ್ಕಪ್ಪ."

"ಹಾಂ, ಹಾಗಾದ್ರೆ ಸರಿ" ಎಂದರು.

ನಿಮ್ಮ ಮನೆಯಲ್ಲೂ ಗಾಡಿಯ ಹುಚ್ಚಿನವರು ಯಾರಾದರೂ ಇದ್ದರೆ ಈ ಪುಟವನ್ನು ಅವರ ಕೈಗೆ ಕೊಡಿ. ಮುಂದಿನ ಭಾನುವಾರ ಇದೇ ಹೊತ್ತಿಗೆ ಮತ್ತೆ ಸಿಗೋಣ. ಅಲ್ಲಿಯವರೆಗೆ ಹುಷಾರಾಗಿರಿ, ಕೇಳುತ್ತಿರಿ. ನಮಸ್ಕಾರ.