ಅಕ್ಕನಿಗೊಂದು ಫೋನು

(ಆಕಾಶವಾಣಿಯ ಕೃಪೆಯಿಂದ)

ಮೂವತ್ತಮೂರು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಮೊಬೈಲ್ ಫೋನು ಕೊಳ್ಳುವ ವಿಷಯವಾಗಿ ಮಾತನಾಡಲಿದ್ದಾನೆಂದು ತಿಳಿದಾಗ ನನ್ನ ಹಳೆಯ ಸಹೋದ್ಯೋಗಿಯೊಬ್ಬರು, "ಅಲ್ಲ ಮಾರಾಯ್ರೆ, ಕೇಶಿರಾಜನಿಗೂ ಸಿಮ್ ಕಾರ್ಡಿಗೂ ಎಂತ ಸಂಬಂಧ?" ಎಂದು ನಕ್ಕರು. ಸಂಬಂಧ ಉಂಟೋ ಇಲ್ಲವೋ, ಕೇಳುಗರೇ ತೀರ್ಮಾನಿಸಬೇಕು. ಈ ವಿಷಯದಲ್ಲಿ ನನಗೆ ಪಾಂಡಿತ್ಯವಿಲ್ಲ; ಪೆಟ್ಟು ತಿಂದ ಅನುಭವ ಮಾತ್ರ ಉಂಟು. ಆ ಪೆಟ್ಟಾದರೂ ನಿಜವಾಗಿ ಬಿದ್ದದ್ದು ನನ್ನ ಅಕ್ಕನಿಗೆ.

ಅಕ್ಕನಿಗೆ ಈಗ ಎಪ್ಪತ್ತನಾಲ್ಕು. ಕಾಪುವಿನಿಂದ ಶಂಕರಪುರದ ಕಡೆಗೆ ಹೋಗುವ ದಾರಿಯಲ್ಲಿ ಅವಳ ಮನೆ. ಭಾವ ತೀರಿಕೊಂಡ ಮೇಲೆ ಒಬ್ಬಳೇ ಇದ್ದಾಳೆ. ಅಂಗಳದ ಬದಿಯಲ್ಲಿ ಮೂವತ್ತು ಮಲ್ಲಿಗೆ ಗಿಡಗಳು. ಅವೇ ಅವಳ ಸ್ವಂತ ಸಂಪಾದನೆ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತು ಏರುವ ಮುಂಚೆ ಕಟ್ಟೆಗೆ ಮುಟ್ಟಿಸಬೇಕು. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈ ಅಟ್ಟೆಯ ದರ ಇವತ್ತಿನದು ನಾಳೆಗಿಲ್ಲ. ಮದುವೆ, ನೇಮ, ತೇರುಗಳಿದ್ದರೆ ಏರುತ್ತದೆ; ಇಲ್ಲವಾದರೆ ಮಕಾಡೆ ಮಲಗುತ್ತದೆ. ಹಿಂದೆ ದರವನ್ನು ಬಾಯಿಂದ ಬಾಯಿಗೆ ಕೇಳಿ ತಿಳಿಯುತ್ತಿದ್ದರು. ಈಗ ಅದು ವಾಟ್ಸಾಪಿನಲ್ಲಿ ಬರುತ್ತದೆ. ಅಕ್ಕನ ಬಳಿ ಇದ್ದುದು ಒಂದು ಬಟನ್ ಫೋನು. ದರ ತಿಳಿಯಲು ಪಕ್ಕದ ಮನೆಯ ಹುಡುಗ ಏಳುವವರೆಗೆ ಕಾಯಬೇಕಿತ್ತು. "ಅವ ಏಳುವಾಗ ನನ್ನ ಮಲ್ಲಿಗೆ ಅರಳಿರ್ತದೆ" ಎನ್ನುತ್ತಿದ್ದಳು.

2024ರ ಮಳೆಗಾಲದಲ್ಲಿ ಮಗಳ ಬಾಣಂತನಕ್ಕೆಂದು ಅವಳು ಕಾರ್ಕಳದಾಚೆಯ ಮಾಳಕ್ಕೆ ಹೋದಳು. ಘಟ್ಟದ ಬುಡದ ಊರು. ಮಗಳ ಮನೆಯೊಳಗೆ ಅಕ್ಕನ ಕಂಪೆನಿಯ ಸಿಗ್ನಲ್ ಸಿಕ್ಕುವುದಿಲ್ಲ. ಮಾತನಾಡಬೇಕಿದ್ದರೆ ಮಗಳ ಫೋನು ಇದ್ದೇ ಇತ್ತು. ಹೀಗಾಗಿ ನಮ್ಮ ಭಾಷಾಪಂಡಿತರು 'ಜಂಗಮವಾಣಿ' ಎಂದು ಹೆಸರಿಟ್ಟ ಆ ವಸ್ತು ಕಪಾಟಿನಲ್ಲಿ ಐದು ತಿಂಗಳು ಸ್ಥಾವರವಾಗಿ ಕುಳಿತಿತ್ತು. ದೀಪಾವಳಿ ಕಳೆದು ಕಾಪುವಿಗೆ ಮರಳಿ, ಕರೆನ್ಸಿ ಹಾಕಿಸಲು ಅಂಗಡಿಗೆ ಹೋದರೆ, ಆ ನಂಬ್ರವೇ ಇಲ್ಲವೆಂದು ಅಂಗಡಿಯವನು ಹೇಳಿದ.

ಹದಿನಾಲ್ಕು ವರ್ಷ ಅವಳದಾಗಿದ್ದ ನಂಬ್ರ. ಮುಂಬಯಿಯ ನಂಟರಿಗೆ, ಹೂವಿನ ಕಟ್ಟೆಯವರಿಗೆ, ಆಸ್ಪತ್ರೆಯ ಚೀಟಿಗೆ, ಬ್ಯಾಂಕಿನ ಖಾತೆಗೆ, ಆಧಾರಿಗೆ, ಅಡುಗೆ ಅನಿಲಕ್ಕೆ, ಎಲ್ಲಕ್ಕೂ ಅದೇ. ಖಾತೆಯಲ್ಲಿ ಹಣವಿದೆ, ಆದರೆ ಒ.ಟಿ.ಪಿ. ಎಂಬ ಆರಂಕಿಯ ಗುಟ್ಟು ಬಂದು ಸೇರಲು ಜಾಗವಿಲ್ಲ. ಅವಳನ್ನು ಕರೆದುಕೊಂಡು ನಾನು ಮೂರು ದಿನ ಕಚೇರಿಯಿಂದ ಕಚೇರಿಗೆ ಅಲೆದೆ. ಎರಡನೆಯ ದಿನ ಬಸ್ಸಿಗೆ ಕಾಯುತ್ತ ಅಕ್ಕ ಕೇಳಿದಳು: "ಇಷ್ಟು ವರ್ಷ ದುಡ್ಡು ಕೊಟ್ಟದ್ದು ನಾನು. ಹಾಗಾದ್ರೆ ನನ್ನ ನಂಬ್ರ ನನ್ನದಲ್ವ?"

ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿಯೇ ನಾನು ಈ ವಿದ್ಯೆಯನ್ನು ಅಷ್ಟಿಷ್ಟು ಕಲಿತೆ. ನಂಬ್ರ ನಮ್ಮದಲ್ಲ, ಬಳಸುತ್ತಿರುವವರೆಗೆ ನಮ್ಮ ವಶದಲ್ಲಿರುತ್ತದೆ, ಅಷ್ಟೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2013ರಲ್ಲಿ ಮಾಡಿದ ನಿಯಮದ ಪ್ರಕಾರ, ಪ್ರಿಪೇಯ್ಡ್ ಸಂಪರ್ಕವನ್ನು 90 ದಿನ ಯಾವ ರೀತಿಯಲ್ಲಿಯೂ ಬಳಸದೆ ಇದ್ದರೆ ಮಾತ್ರ ಕಂಪೆನಿ ಅದನ್ನು ಕಡಿದುಹಾಕಬಹುದು. ಆಗಲೂ ಖಾತೆಯಲ್ಲಿ 20 ರೂಪಾಯಿ ಉಳಿದಿದ್ದರೆ ಕಡಿಯುವಂತಿಲ್ಲ. ಅಕ್ಕನ ನಂಬ್ರದ ಆಯುಸ್ಸು ಇಪ್ಪತ್ತು ರೂಪಾಯಿಯಲ್ಲಿ ನಿಂತಿತ್ತು. ಅದು ನಮಗೆ ಗೊತ್ತಿರಲಿಲ್ಲ. ಕಡಿದ ನಂಬ್ರವನ್ನು ಇನ್ನೊಂದು 90 ದಿನ ಬೇರೆಯವರಿಗೆ ಕೊಡುವುದಿಲ್ಲವೆಂದು ಅದೇ ಪ್ರಾಧಿಕಾರ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಅಲ್ಲಿಂದ ಮುಂದೆ ಅದು ಯಾರ ಪಾಲಿಗೂ ಹೋಗಬಹುದು.

ಇಲ್ಲಿ ನನಗೆ ನಮ್ಮ ಊರಿನದೇ ಒಂದು ಹಳೆಯ ಸಂಗತಿ ನೆನಪಾಗುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮಣಿಪಾಲದಲ್ಲಿ ಬೆಳೆದು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಾದರೂ ಸಾಕು. ಏಜೆಂಟರೇ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಬಡವನ ಕೈಯಿಂದ ದೊಡ್ಡ ಗಂಟು ಹೊರಡುವುದಿಲ್ಲ, ಚಿಲ್ಲರೆ ಹೊರಡುತ್ತದೆ ಎಂಬ ಸತ್ಯವನ್ನು ಆ ಹಿರಿಯರು ಅರಿತಿದ್ದರು. ಪ್ರಿಪೇಯ್ಡ್ ವ್ಯವಸ್ಥೆಯವರಿಗೂ ಗೊತ್ತಿರುವುದು ಇದೇ ಸತ್ಯ. ಆದರೆ ಪಿಗ್ಮಿಯ ಎರಡಾಣೆ ಕೂಡುತ್ತ ಹೋಗುತ್ತಿತ್ತು. ಇಲ್ಲಿ ಮುಂಗಡ ಕೊಟ್ಟ ಹಣ ಇಪ್ಪತ್ತೆಂಟನೆಯ ದಿನದ ಮಧ್ಯರಾತ್ರಿ ಕರಗಿಹೋಗುತ್ತದೆ. ಅದೂ ಇಪ್ಪತ್ತೆಂಟೇ ಏಕೆ? ಹನ್ನೆರಡು ತಿಂಗಳ ವರ್ಷದಲ್ಲಿ ಹದಿಮೂರು ಸಲ ಕಟ್ಟಿಸಿಕೊಳ್ಳುವ ಚಾತುರ್ಯ ಅದು. ದೂರು ಹೆಚ್ಚಾಗಿ, ಮೂವತ್ತು ದಿನದ ಯೋಜನೆಯೊಂದು, ಪ್ರತಿ ತಿಂಗಳೂ ಅದೇ ತಾರೀಖಿಗೆ ಕಟ್ಟುವ ಯೋಜನೆಯೊಂದು ಇರಲೇಬೇಕೆಂದು ಪ್ರಾಧಿಕಾರ 2022ರ ಜನವರಿಯಲ್ಲಿ ಆಜ್ಞೆ ಮಾಡಿತು. ಅಂಗಡಿಯ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕಾಣುವುದು ಮಾತ್ರ ಇಪ್ಪತ್ತೆಂಟರದೇ.

2024ರ ಜುಲೈಯ ದರ ಏರಿಕೆಯ ಬಳಿಕ ಒಂದು ಸಲಕ್ಕೆ ಇನ್ನೂರು ರೂಪಾಯಿ ಎಂದು ಹಿಡಿಯಿರಿ. ವರ್ಷಕ್ಕೆ ಎರಡು ಸಾವಿರದ ಆರುನೂರು. ಮೂರು ವರ್ಷಕ್ಕೆ ಏಳು ಸಾವಿರದ ಎಂಟುನೂರು. ಅಷ್ಟಕ್ಕೆ ಇನ್ನೊಂದು ಸೆಟ್ಟೇ ಬರುತ್ತದೆ. ಫೋನು ಕೊಳ್ಳಲು ಹೋಗುವವರು ಈ ಲೆಕ್ಕವನ್ನು ಮೊದಲು ಮಾಡಬೇಕು; ನಾವೆಲ್ಲ ಮಾಡುವುದು ಕೊನೆಗೆ.

2025ರ ಏಪ್ರಿಲಿನಲ್ಲಿ ಅಕ್ಕ ಮಲ್ಲಿಗೆಯ ದುಡ್ಡಿನಲ್ಲಿ ಉಳಿಸಿದ ಹತ್ತು ಸಾವಿರ ರೂಪಾಯಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಳು. ನಾವು ಮೊದಲು ಹೋದದ್ದು ಮಣಿಪಾಲದ ಒಂದು ಅಂಗಡಿಗೆ. ಆಕಾಶವಾಣಿಯಲ್ಲಿ ವ್ಯಾಪಾರಿ ಹೆಸರುಗಳನ್ನು ಹೇಳುವಂತಿಲ್ಲ. ಹೇಳಬೇಕೆಂಬ ಆಸೆಯೂ ನನಗಿಲ್ಲ. ಅಲ್ಲಿ ವಿದ್ಯಾರ್ಥಿಗಳ ಜಾತ್ರೆ. ಮಾರುವ ಹುಡುಗ ಕ್ಯಾಮೆರಾದ ಗುಣಗಾನವನ್ನು ಹಳಗನ್ನಡದ ಕವಿ ನಾಯಿಕೆಯನ್ನು ವರ್ಣಿಸುವಷ್ಟೇ ದೀರ್ಘವಾಗಿ ಮಾಡಿದ. "ನನ್ನ ಪಟ ತೆಗೆದು ಎಂತ ಆಗ್ಲಿಕ್ಕುಂಟು?" ಎಂದು ಅಕ್ಕ ಎದ್ದುಬಂದಳು. ಉಡುಪಿಗೆ ಇಳಿದು ಬಸ್ ನಿಲ್ದಾಣದ ಬಳಿಯ ಒಂದು ಚಿಕ್ಕ ಅಂಗಡಿಗೆ ಹೋದೆವು. ಅಲ್ಲಿಯ ಹುಡುಗ ತಾಳ್ಮೆಯವನು.

ಅವನಿಂದ ನಾನು ಕಲಿತದ್ದನ್ನು ಹೇಳುತ್ತೇನೆ. ಫೋನಿನಲ್ಲಿ ಎರಡು ಬಗೆಯ ಜಾಗಗಳುಂಟು. ರ್‍ಯಾಮ್ ಎಂಬುದು ಬರೆಯುವ ಮೇಜಿನ ಹಾಗೆ. ಸ್ಟೋರೇಜ್ ಎಂಬುದು ಪುಸ್ತಕದ ಕಪಾಟು. ಕಪಾಟು ಎಷ್ಟೇ ದೊಡ್ಡದಿರಲಿ, ಮೇಜು ಚಿಕ್ಕದಾದರೆ ಒಂದು ಪುಸ್ತಕ ತೆರೆಯಲು ಇನ್ನೊಂದನ್ನು ಮುಚ್ಚಬೇಕು. ಫೋನು ತಡವರಿಸುವುದು ಹೀಗೆ. 2 ಜಿ.ಬಿ.ಯ ಮೇಜು ಈಗ ಸಾಲದು, 4 ಜಿ.ಬಿ. ಬೇಕು. ಕಪಾಟು 64 ಇದ್ದರೆ ಅಕ್ಕನಂಥವರಿಗೆ ಧಾರಾಳ. ಇದರಲ್ಲಿ ಒಂದು ಮೋಸದ ಮಾತುಂಟು. ಪೆಟ್ಟಿಗೆಯ ಮೇಲೆ 8 ಜಿ.ಬಿ. ರ್‍ಯಾಮ್ ಎಂದಿರುತ್ತದೆ, ಕೆಳಗೆ ಇರುವೆಯಂಥ ಅಕ್ಷರದಲ್ಲಿ ನಾಲ್ಕು ಕೂಡಿಸು ನಾಲ್ಕು ಎಂದಿರುತ್ತದೆ. ಎರಡನೆಯ ನಾಲ್ಕು ಕಪಾಟಿನ ಒಂದು ಹಲಗೆಯನ್ನು ಎಳೆದು ಮೇಜು ಎಂದು ಕರೆದದ್ದು. ಇನ್ನೊಂದು: ಆ ಫೋನಿಗೆ ಸುರಕ್ಷತೆಯ ತಿದ್ದುಪಡಿಗಳು ಎಷ್ಟು ವರ್ಷ ಬರುತ್ತವೆ ಎಂದು ಕೇಳಬೇಕು. ತೀರ ಹಳತಾದುದರಲ್ಲಿ ಬ್ಯಾಂಕಿನ ಆಪ್‌ಗಳು ಒಂದು ದಿನ ಕೆಲಸ ನಿಲ್ಲಿಸುತ್ತವೆ.

ಆಮೇಲೆ ನನ್ನ ಸರದಿ. ಕನ್ನಡ ಮೇಷ್ಟ್ರ ಪರೀಕ್ಷೆ. ಅಕ್ಷರದ ಗಾತ್ರವನ್ನು ಅಕ್ಕನ ಕಣ್ಣಿಗೆ ಬೇಕಾದಷ್ಟು ಹಿಗ್ಗಿಸಿ, 'ಸ್ವಾತಂತ್ರ್ಯ', 'ಅರ್ಘ್ಯ', 'ರಾಷ್ಟ್ರೀಯ', 'ಉಜ್ಜ್ವಲ' ಎಂದು ಬರೆಯಲು ಹೇಳಿದೆ. ಹುಡುಗ ನಕ್ಕ, ಆದರೆ ಬರೆದ. ಇದು ವಿನೋದವಲ್ಲ. ಇಂಗ್ಲಿಷಿನ ಅಕ್ಷರಗಳು ಒಂದು ಗೆರೆಯ ಮೇಲೆ ಕುಳಿತುಕೊಳ್ಳುತ್ತವೆ. ನಮ್ಮವು ಗೆರೆಯ ಕೆಳಗೆ ಎರಡು ಅಂತಸ್ತು ಇಳಿಯುತ್ತವೆ. ಅಕ್ಷರ ಹಿಗ್ಗಿಸಿದಾಗ ಕೆಲವು ಫೋನುಗಳಲ್ಲಿ ಈ ಒತ್ತುಗಳ ಕಾಲು ಕತ್ತರಿಸಿಹೋಗುತ್ತದೆ. ಮಾರಾಟವಾಗುವ ಫೋನುಗಳಲ್ಲಿ ಇಪ್ಪತ್ತೆರಡು ಭಾರತೀಯ ಭಾಷೆಗಳನ್ನೂ ಓದಲು ಬರಬೇಕೆಂದು 2016ರ ಭಾರತೀಯ ಮಾನಕ ಹೇಳುತ್ತದೆ, ನಿಜ. ಓದಲು ಬರುವುದು ಬೇರೆ, ಎಪ್ಪತ್ತನಾಲ್ಕರ ಕಣ್ಣಿಗೆ ಓದಲು ಬರುವುದು ಬೇರೆ. ಕಂಪ್ಯೂಟರಿನ ಕನ್ನಡ ಕೀಲಿಮಣೆಗೆ ವಿನ್ಯಾಸ ಕೊಟ್ಟ ಕಿನ್ನಿಕಂಬಳ ಪದ್ಮನಾಭ ರಾವ್ ಅವರೊಂದಿಗೆ ಮಣಿಪಾಲದ ನಂಟು ಹಳೆಯದು. ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ಅವರು ಕನ್ನಡ ತಂತ್ರಾಂಶವನ್ನೇ ರೂಪಿಸಿದರು. ಅಂಥವರು ಇಪ್ಪತ್ತಾರು ಕೀಲಿಗಳಲ್ಲಿ ಇಡೀ ವರ್ಣಮಾಲೆಯನ್ನು ಕೂರಿಸಿಕೊಟ್ಟ ಮೇಲೂ ನಾವು ಅಂಗಡಿಯಲ್ಲಿ ಕನ್ನಡದಲ್ಲಿ ಒಂದು ಪದ ಬರೆದು ನೋಡದೆ ಫೋನು ಕೊಂಡರೆ ತಪ್ಪು ಯಾರದು? ನಾಲ್ಕು ಸೆಟ್ಟುಗಳಲ್ಲಿ ಎರಡು ತೇರ್ಗಡೆಯಾದವು.

ಒಂದಕ್ಕೆ ಬೆಲೆ 9,999 ರೂಪಾಯಿ, ಐದನೆಯ ತಲೆಮಾರಿನದು. ಇನ್ನೊಂದಕ್ಕೆ 7,499, ನಾಲ್ಕನೆಯದು. ಮಾಳದ ಆ ಮನೆಯಲ್ಲಿ ನಾಲ್ಕನೆಯದೇ ಮಳೆ ಹೊಯ್ದಾಗ ಜಗಲಿ ಬಿಟ್ಟು ಒಳಗೆ ಬರುವುದಿಲ್ಲ. ನಾನು ಆದರೂ ದುಬಾರಿಯದರ ಕಡೆ ವಾಲುತ್ತಿದ್ದೆ. ನಾಲ್ಕು ಕಾಲ ಬಾಳಿಕೆ ಬರಲಿ ಎಂಬ ಮಧ್ಯಮ ವರ್ಗದ ಬುದ್ಧಿ. ಅಕ್ಕ ಕೇಳಿದಳು: "ಒಂದು ವರ್ಷಕ್ಕೆ ಒಟ್ಟಿಗೇ ಕಟ್ಟುದಾದ್ರೆ ಎಷ್ಟು?" ಸ್ವಲ್ಪವೇ ಡೇಟಾ ಇರುವ ವಾರ್ಷಿಕ ಯೋಜನೆಗೆ ಎರಡು ಸಾವಿರದ ಚಿಲ್ಲರೆ. ಡೇಟಾ ಬೇಡದವರಿಗೆ ಮಾತು ಮತ್ತು ಸಂದೇಶ ಮಾತ್ರದ ಯೋಜನೆಗಳೂ ಇರಬೇಕು, ಅವುಗಳ ಅವಧಿ 365 ದಿನದವರೆಗೂ ಇರಬಹುದು ಎಂದು 2024ರ ಡಿಸೆಂಬರಿನಲ್ಲಿ ನಿಯಮವಾಗಿತ್ತು. ಅಕ್ಕನಿಗೆ ಮಲ್ಲಿಗೆಯ ದರ ಬೇಕಿದ್ದುದರಿಂದ ಡೇಟಾ ಬಿಡುವಂತಿರಲಿಲ್ಲ. ಅವಳು ಅಗ್ಗದ ಸೆಟ್ಟಿಗೂ ವರ್ಷದ ಕರೆನ್ಸಿಗೂ ಸೇರಿಸಿ ಕರವಸ್ತ್ರ ಬಿಚ್ಚಿದಳು. "ಅಪ್ಪ ರೇಡಿಯೋಕ್ಕೆ ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಲೈಸನ್ಸಿನ ದುಡ್ಡು ಕಟ್ಟಿ ಬರ್ತಿದ್ರಲ್ಲ, ಹಾಗೆ" ಎಂದಳು. ಹೌದು, ಹಾಗೆಯೇ. ನಾನು ಮರೆತಿದ್ದೆ.

ಅಗ್ಗದ ಸೆಟ್ಟಿನಲ್ಲಿ ನಾವು ಎಣಿಸದ ಲಾಭವೊಂದು ಸಿಕ್ಕಿತು. ಇಯರ್‌ಫೋನಿನ ವಯರು ಸಿಕ್ಕಿಸುವ ತೂತು. ದುಬಾರಿ ಫೋನುಗಳಲ್ಲಿ ಅದನ್ನು ಹೆಚ್ಚಾಗಿ ತೆಗೆದುಹಾಕಿದ್ದಾರೆ. ಆ ವಯರೇ ಎಫ್.ಎಂ. ರೇಡಿಯೋಗೆ ಆಂಟೆನಾ, ಇಂಟರ್ನೆಟ್ಟು ಬೇಡ, ಕರೆನ್ಸಿ ಬೇಡ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬೀಸಿದಾಗ ಕಾಪುವಿನ ಕಡಲಲ್ಲಿ ಬಂಡೆಗೆ ಸಿಕ್ಕಿದ ಟಗ್ಗಿನಿಂದ ಒಂಬತ್ತು ಮಂದಿಯನ್ನು ಪಾರುಮಾಡಿದ್ದು ಕೇಳುಗರಿಗೆ ನೆನಪಿರಬಹುದು. ಆ ಹೊತ್ತಿಗೆ ಅಕ್ಕನ ಮನೆಯಲ್ಲಿ ಕರೆಂಟಿಲ್ಲ, ಫೋನಿಲ್ಲ; ಹೊರಗೆ ಏನಾಗುತ್ತಿದೆ ಎಂಬ ಸುದ್ದಿಯಿಲ್ಲ. ವಿಪತ್ತಿನ ಕಾಲಕ್ಕಾಗಿಯೇ ಫೋನುಗಳಲ್ಲಿ ಎಫ್.ಎಂ. ಸೌಲಭ್ಯ ಇರಲೆಂದು ಕೇಂದ್ರ ಸರಕಾರ 2023ರಲ್ಲಿ ತಯಾರಕರಿಗೆ ಸಲಹೆ ಕೊಟ್ಟಿತು. ಆಕಾಶವಾಣಿಯ ಉಪ್ಪು ತಿಂದು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಕೊಳ್ಳುವ ಮುನ್ನ ಆ ತೂತು ಇದೆಯೇ ನೋಡಿ. ಕಡಲ ಬದಿಯವರು ಅದಕ್ಕೂ ಚಾರ್ಜರಿನ ಬಾಯಿಗೂ ಉಪ್ಪುಗಾಳಿ ಹೋಗದಂತೆ ಬಟ್ಟೆಯ ಚೀಲದಲ್ಲಿಡುವುದು ಲೇಸು.

ದುಡ್ಡು ಕೊಡುವ ಮುಂಚೆ ಹುಡುಗ ಒಂದು ಒಳ್ಳೆಯ ಕೆಲಸ ಮಾಡಿದ. ನಕ್ಷತ್ರ, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿದರೆ ಫೋನಿನ ಹದಿನೈದಂಕಿಯ ಗುರುತುಸಂಖ್ಯೆ ಕಾಣುತ್ತದೆ. ಅದನ್ನು ಇಂಗ್ಲಿಷಿನ ಕೆ, ವೈ, ಎಂ ಅಕ್ಷರಗಳ ಮುಂದೆ ಬರೆದು 14422ಕ್ಕೆ ಸಂದೇಶ ಕಳಿಸಿದರೆ ಅದು ಕದ್ದ ಮಾಲೋ ಅಲ್ಲವೋ ತಿಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಬಿಡಲೇಬಾರದು.

ಮೊದಲ ವಾರ ಅಕ್ಕ ಫೋನಿನೊಡನೆ ಜಗಳವಾಡಿದಳು. ಬೆರಳಿನಲ್ಲಿ ಬರೆಯಲು ಕಷ್ಟವೆಂದು ಮಾತಿನಲ್ಲಿ ಹೇಳಿ ಬರೆಸುವ ಉಪಾಯವನ್ನು ತೋರಿಸಿಕೊಟ್ಟಿದ್ದೆ. ಅವಳು "ಅಟ್ಟೆಗೆ ಎಷ್ಟು?" ಎಂದರೆ ಅದು "ಅತ್ತೆಗೆ ಎಷ್ಟು?" ಎಂದು ಬರೆದು ಹೂವಿನ ಗುಂಪಿಗೆ ಕಳಿಸಿತು. ಅರುವತ್ತು ಜನ ನಕ್ಕರಂತೆ. ಈಗ ಬೆರಳಿನಲ್ಲಿಯೇ ಬರೆಯುತ್ತಾಳೆ. ಒತ್ತಕ್ಷರ ತಪ್ಪುವುದಿಲ್ಲ.

ಆದರೆ ಹೊಸ ಫೋನಿನಿಂದ ಅವಳು ಮಾಡಿದ ಮೊದಲ ಕರೆ ನನಗಲ್ಲ, ಮಗಳಿಗೂ ಅಲ್ಲ. ತನ್ನ ಹಳೆಯ ನಂಬ್ರಕ್ಕೆ. ಎತ್ತಿದವಳು ಕಲಬುರ್ಗಿ ಕಡೆಯ ಒಬ್ಬ ಹೆಂಗಸು. "ಈ ನಂಬ್ರ ಮುಂಚೆ ನನ್ನದಿತ್ತಮ್ಮ. ಯಾರಾದ್ರೂ ಕಾಪುವಿನ ಅಕ್ಕ ಬೇಕು ಅಂತ ಕೇಳಿದ್ರೆ ಈ ಹೊಸ ನಂಬ್ರ ಕೊಡ್ತೀರಾ?" ಎಂದಳಂತೆ. ಆ ತಾಯಿ ಬರೆದಿಟ್ಟುಕೊಂಡರು. ಇಲ್ಲಿಯವರೆಗೆ ಮೂರು ಜನರನ್ನು ದಾಟಿಸಿದ್ದಾರೆ. ಒಬ್ಬರು ಭಾವನ ಹಳೆಯ ಸ್ನೇಹಿತರು, ಮುಂಬಯಿಯಿಂದ, ಆರು ತಿಂಗಳಿನಿಂದ ಹುಡುಕುತ್ತಿದ್ದವರು.