ಎರಿ ಹೊಲದ ಎರಡು ಹತ್ತಿ



ಹೊಸ ಪ್ರಭೇದ ಹೇಗೆ ಹುಟ್ಟುತ್ತದೆ ಎಂದು ಕೇಳಿದರೆ ನಮ್ಮ ಹುಡುಗರು ಗ್ಯಾಲಪಗಸ್ ದ್ವೀಪಗಳ ಫಿಂಚ್ ಹಕ್ಕಿಗಳ ಕಥೆ ಒಪ್ಪಿಸುತ್ತಾರೆ. ನಡುವೆ ಸಮುದ್ರ ಬಂತು, ಗುಂಪುಗಳು ಅಗಲಿದವು, ಕಾಲ ಸರಿದಂತೆ ಕೊಕ್ಕು ಬದಲಾಯಿತು. ತಪ್ಪೇನಿಲ್ಲ, ಅಂಕವೂ ಬೀಳುತ್ತದೆ. ಆದರೆ ಹತ್ತಿಯ ಸೀಮೆಯಲ್ಲಿ ಕೂತು ಹತ್ತಿಯನ್ನು ಬಿಟ್ಟು ಈ ಪಾಠ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಎರಿ ಹೊಲದ ಜವಾರಿ ಹತ್ತಿ, ಜಯಧರ ತಳಿಯೂ ಸೇರಿ, ಗಾಸಿಪಿಯಮ್ ಹರ್ಬೇಸಿಯಮ್. ಅದರ ಜೀವಕೋಶದಲ್ಲಿ 26 ಕ್ರೋಮೋಸೋಮುಗಳು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಧಾರವಾಡ ಸೀಮೆಗೆ ತಂದ ಅಮೆರಿಕನ್ ಹತ್ತಿ ಗಾಸಿಪಿಯಮ್ ಹಿರ್ಸುಟಮ್. ಅದರಲ್ಲಿ 52. ಎರಡನ್ನೂ ಅಕ್ಕಪಕ್ಕದ ಸಾಲಿನಲ್ಲಿ ಬಿತ್ತಿದರೂ ಅವು ಬೆರೆಯುವುದಿಲ್ಲ. ಕೈಯಾರೆ ಪರಾಗ ಹಾಕಿದರೆ ಕಾಯಿ ಸಾಮಾನ್ಯವಾಗಿ ಉದುರಿ ಹೋಗುತ್ತದೆ. ಅಪರೂಪಕ್ಕೆ ಗಿಡ ಎದ್ದರೂ ಅದರಲ್ಲಿ 39 ಕ್ರೋಮೋಸೋಮು. 13ಕ್ಕೆ ಜೋಡಿಯೇ ಇಲ್ಲ. ಪರಾಗ ತಯಾರಾಗುವ ಹೊತ್ತಿಗೆ ಹಂಚಿಕೆ ಕೆಟ್ಟು ಗಿಡ ಬಂಜೆಯಾಗುತ್ತದೆ. ಸಮುದ್ರವೂ ಬೇಡ, ಬೆಟ್ಟವೂ ಬೇಡ. ಇವೆರಡರ ನಡುವಿನ ಗಡಿ ಜೀವಕೋಶದ ಒಳಗೇ ಇದೆ.

ಆ ಗಡಿ ಬಿದ್ದ ಬಗೆ ಇನ್ನೂ ಸ್ವಾರಸ್ಯದ್ದು. ಸುಮಾರು 10ರಿಂದ 20 ಲಕ್ಷ ವರ್ಷಗಳ ಹಿಂದೆ ನಮ್ಮ ಜವಾರಿ ಹತ್ತಿಯ ಬಳಗದ್ದೊಂದು ಗಿಡ ಅಮೆರಿಕ ಖಂಡದ ಕಾಡುಹತ್ತಿಯೊಂದಿಗೆ ಕೂಡಿತು. ತಾಯಿ ನಮ್ಮ ಬಳಗದ್ದು. ತಂದೆ, ಇಂದಿಗೂ ಪೆರುವಿನಲ್ಲಿ ಬೆಳೆಯುವ ರೈಮೊಂಡಿಯೈ ಎಂಬ ಕಾಡುಹತ್ತಿಗೆ ಹತ್ತಿರದ್ದು, ನೂಲಲು ಬಾರದ ಅರಳೆಯದು. ಎರಡರಿಂದಲೂ 13-13 ಬಂದವು, ಆದರೆ ಒಂದಕ್ಕೊಂದು ಜೋಡಿಯಾಗಲಿಲ್ಲ. ಬಂಜೆಯಾಗಿಯೇ ಮುಗಿಯಬೇಕಿದ್ದ ಸಂತಾನದಲ್ಲಿ ಕ್ರೋಮೋಸೋಮುಗಳು ಇಮ್ಮಡಿಯಾದವು. ಪ್ರತಿಯೊಂದಕ್ಕೂ ಜೋಡಿ ಸಿಕ್ಕಿತು, ಬೀಜ ಕಟ್ಟಿತು. ತಂದೆತಾಯಿಯ ಬಳಗಕ್ಕೆ ಮರಳಿ ಕೂಡಲಾಗದ ಪ್ರಭೇದವೊಂದು ಒಂದೆರಡು ತಲೆಮಾರಿನಲ್ಲೇ ನಿಂತುಬಿಟ್ಟಿತು. ಇದು ಬರೀ ಊಹೆಯಲ್ಲ. ಏಷ್ಯಾದ ಹತ್ತಿ, ಅಮೆರಿಕದ ಕಾಡುಹತ್ತಿಗಳ ಬಂಜೆ ಸಂಕರದ ಕ್ರೋಮೋಸೋಮನ್ನು ಇಮ್ಮಡಿಗೊಳಿಸಿ, ಅದನ್ನು ಹಿರ್ಸುಟಮ್ ಜೊತೆ ಕೂಡಿಸಿ ತಳಿವಿಜ್ಞಾನಿ ಬೀಸ್ಲಿ 1940ರಲ್ಲಿ ತೋರಿಸಿದರು. ಹೀಗೆ ಇಮ್ಮಡಿಗೊಳಿಸಲು ತಳಿವಿಜ್ಞಾನಿಗಳು ಬಳಸುವ ಕಾಲ್ಚಿಸಿನ್ ನಮ್ಮ ಅಗ್ನಿಶಿಖೆಯ ಗಡ್ಡೆಯಲ್ಲೂ ಇದೆ ಎಂಬುದನ್ನು ಸಸ್ಯಶಾಸ್ತ್ರದವರಿಗೆ ನೆನಪಿಸಬೇಕಿಲ್ಲ.

ಇಷ್ಟಕ್ಕೇ ಗಡಿಯನ್ನು ಕಲ್ಲುಗೋಡೆ ಎಂದುಕೊಳ್ಳಬೇಡಿ. ಧಾರವಾಡ-ಅಮೆರಿಕನ್ ಹತ್ತಿಯಿಂದ ಆರಿಸಿದ ತಳಿ 'ಗದಗ ನಂ. 1'. ಅದರ ಸಂತಾನ 'ಲಕ್ಷ್ಮಿ'. ಈ ಲಕ್ಷ್ಮಿಗೆ ಬಾರ್ಬಡೆನ್ಸ್ ಎಂಬ ಮತ್ತೊಂದು ಪ್ರಭೇದವನ್ನು ಕೂಡಿಸಿ ಧಾರವಾಡದಲ್ಲಿ ಡಾ. ಕಾತರಕಿಯವರು 1972ರಲ್ಲಿ 'ವರಲಕ್ಷ್ಮಿ'ಯನ್ನು ಕೊಟ್ಟರು. ಬಾರ್ಬಡೆನ್ಸ್ ಕೂಡ ಅದೇ ಹಳೆಯ ಇಮ್ಮಡಿಯ ಕವಲು, ಅದಕ್ಕೂ 52. ಹಾಗಾಗಿ ಮೊದಲ ಪೀಳಿಗೆ ಸೊಗಸಾಗಿ ಫಲ ಕೊಟ್ಟಿತು. ಅದರ ಬೀಜ ಕಟ್ಟಿಟ್ಟು ಮರುವರ್ಷ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಇನ್ನೊಂದರಲ್ಲಿ ಕಾಯಿಯೇ ಇಲ್ಲ. ಎರಡು ಪ್ರಭೇದಗಳಲ್ಲಿ ಬೇರೆಬೇರೆಯಾಗಿ ಹೊಂದಿಕೊಂಡಿದ್ದ ಜೀನುಗಳು ಕಲಸಿ ಚದುರಿದ್ದರ ಫಲ ಅದು. ಅರ್ಧ ಬೇರೆಯಾದ ಪ್ರಭೇದಗಳು ಎಂದರೆ ಇವೇ. 'ಇದು ಪ್ರಭೇದವೋ ಅಲ್ಲವೋ' ಎಂಬ ಹೌದು-ಇಲ್ಲದ ಪ್ರಶ್ನೆಗಿಂತ, ಎಷ್ಟನೆಯ ಪೀಳಿಗೆಯಲ್ಲಿ, ಯಾವ ಕಾರಣಕ್ಕೆ ಸಂತಾನ ಸೋಲುತ್ತದೆ ಎಂಬ ಪ್ರಶ್ನೆ ಈ ಗೋಷ್ಠಿಯಲ್ಲಿ ಏಳಲಿ ಎಂಬುದೇ ನನ್ನ ಆಶಯ.

ಇನ್ನೊಂದು ಕೆಲಸದ ಮಾತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಮೇಲೆ ಹೊಲಗಳನ್ನೆಲ್ಲ ಹಿರ್ಸುಟಮ್ ಸಂಕರಗಳೇ ತುಂಬಿಕೊಂಡವು, ಜವಾರಿ ಹಿಂದೆ ಸರಿಯಿತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಾಲೇಜುಗಳವರು ಸುತ್ತಲಿನ ರೈತರಲ್ಲಿ ಉಳಿದ ಜವಾರಿ ಬೀಜ ಕೇಳಿ ತನ್ನಿ. ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸಿ, ಬೇರಿನ ತುದಿಗೆ ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿ, ಪಕ್ಕದಲ್ಲೇ ಅಮೆರಿಕನ್ ಹತ್ತಿಯ ಬೇರನ್ನೂ ಇಟ್ಟು ವಿದ್ಯಾರ್ಥಿಗಳಿಂದ ಎಣಿಕೆ ಮಾಡಿಸಿ. ಹತ್ತಿಯ ಕ್ರೋಮೋಸೋಮುಗಳು ಬಲು ಸಣ್ಣವು, ಮೊದಲ ದಿನ ಲೆಕ್ಕ ತಪ್ಪೀತು, ಮತ್ತೆ ಎಣಿಸಲಿ.